ಕೋವಿಡ್ ನಂತರದ ದೀರ್ಘ ಬಳಲಿಕೆ: ಪುನಶ್ಚೇತನ ಕಾರ್ಯದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

2020ರ ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ನಿಧನರಾದರು. ದೇಶದಲ್ಲಿ ದೃಢಪಟ್ಟ ಮೊದಲ ಕೋವಿಡ್ ಸಾವು ಅದು. ಅಲ್ಲಿಂದ ಮುಂದೆ ಗ್ರಾಮ ಪಂಚಾಯಿತಿ ಮಟ್ಟದ ಕಾರ್ಯಪಡೆಗಳು ಹೊತ್ತ ಹೊಣೆಯನ್ನು ತಮಗೆ ಮತ್ತೆ ವಿವರಿಸಬೇಕಾಗಿಲ್ಲ. ಊರಿಗೆ ಮರಳಿದವರ ಪಟ್ಟಿ, ಪ್ರತ್ಯೇಕ ವಾಸದ ವ್ಯವಸ್ಥೆ, ಲಸಿಕೆಯ ಸರದಿ, ಅಂತ್ಯಕ್ರಿಯೆಯ ಏರ್ಪಾಡು ಇವೆಲ್ಲವೂ ತಮ್ಮ ಕೈಯಲ್ಲೇ ನಡೆದವು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಕುರಿತ ಅಂತಾರಾಷ್ಟ್ರೀಯ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ಕಾರ್ಯಪಡೆಗಳ ಕಡತಗಳೂ ಮುಚ್ಚಿದವು.

ಆದರೆ ಕೆಲವು ಮನೆಗಳಲ್ಲಿ ಆ ಕಾಯಿಲೆ ಇನ್ನೂ ಮುಗಿದಿಲ್ಲ. ಪರೀಕ್ಷೆಯ ವರದಿಯಲ್ಲಿ ಸೋಂಕು ಇಲ್ಲವೆಂದು ಬಂದು ತಿಂಗಳುಗಳೇ ಕಳೆದರೂ ಮೊದಲಿನಂತೆ ದುಡಿಯಲಾಗದವರು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು, ಒಲೆಯ ಮೇಲಿಟ್ಟದ್ದನ್ನು ಮರೆಯುವವರು ನಮ್ಮ ನಡುವೆ ಇದ್ದಾರೆ. ಇಂಥವರ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಅವರನ್ನು ಗುರುತಿಸುವುದು, ಸರಿಯಾದ ಸ್ಥಳಕ್ಕೆ ಕಳುಹಿಸುವುದು, ಮೆಲ್ಲಮೆಲ್ಲನೆ ಬದುಕಿಗೆ ಮರಳಲು ಅವಕಾಶ ಕಲ್ಪಿಸುವುದು ಹೇಗೆ ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

1. ದೀರ್ಘ ಕೋವಿಡ್ ಎಂದರೇನು?

ವಿಶ್ವ ಆರೋಗ್ಯ ಸಂಸ್ಥೆಯು 2021ರ ಅಕ್ಟೋಬರ್‌ನಲ್ಲಿ ಇದಕ್ಕೊಂದು ವ್ಯಾಖ್ಯೆ ನೀಡಿತು. ಕೋವಿಡ್ ಬಂದಿದ್ದವರಲ್ಲಿ ಅಥವಾ ಬಂದಿರಬಹುದಾದವರಲ್ಲಿ, ಸಾಮಾನ್ಯವಾಗಿ ಕಾಯಿಲೆ ಆರಂಭವಾದ 3 ತಿಂಗಳ ಹೊತ್ತಿಗೆ ಕಾಣಿಸಿಕೊಂಡು, ಕನಿಷ್ಠ 2 ತಿಂಗಳು ಉಳಿಯುವ, ಬೇರೆ ಯಾವ ಕಾಯಿಲೆಯಿಂದಲೂ ವಿವರಿಸಲಾಗದ ಲಕ್ಷಣಗಳಿದ್ದರೆ ಅದನ್ನು ಕೋವಿಡ್ ನಂತರದ ಸ್ಥಿತಿ ಎನ್ನುತ್ತಾರೆ. ಜನರ ಮಾತಿನಲ್ಲಿ ಅದೇ ದೀರ್ಘ ಕೋವಿಡ್. ಬಳಲಿಕೆ, ಉಸಿರಾಟದ ತೊಂದರೆ, ನೆನಪು ಮತ್ತು ಗಮನದ ಮಂಕು ಇದರ ಮುಖ್ಯ ಲಕ್ಷಣಗಳು. ಎದೆಬಡಿತ ಹೆಚ್ಚುವುದು, ಕೀಲುನೋವು, ನಿದ್ರಾಹೀನತೆ, ವಾಸನೆ ತಿಳಿಯದಿರುವುದು, ಖಿನ್ನತೆ ಇವೂ ಸೇರಿರಬಹುದು. ಲಕ್ಷಣಗಳು ಕೆಲಕಾಲ ತಗ್ಗಿ ಮತ್ತೆ ಮರುಕಳಿಸುವುದೂ ಉಂಟು.

ಕೋವಿಡ್ ಬಂದವರಲ್ಲಿ 100ಕ್ಕೆ ಸುಮಾರು 6 ಮಂದಿಗೆ ಈ ಸ್ಥಿತಿ ಉಂಟಾಗುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತೀವ್ರ ನಿಗಾ ಘಟಕದಲ್ಲಿದ್ದು ಬಂದವರಲ್ಲಿ ಇದು ಹೆಚ್ಚು, ಮಹಿಳೆಯರಲ್ಲಿಯೂ ಹೆಚ್ಚು. ಆದರೆ ಮನೆಯಲ್ಲೇ ನಾಲ್ಕು ದಿನ ಜ್ವರದಲ್ಲಿ ಮಲಗಿ ಎದ್ದವರಿಗೂ ಇದು ಬರಬಲ್ಲದು. ಹಳ್ಳಿಗಳಲ್ಲಿ ಅನೇಕರು ಪರೀಕ್ಷೆಯನ್ನೇ ಮಾಡಿಸಿಕೊಂಡಿರಲಿಲ್ಲ. ಆದ್ದರಿಂದ ‘ನಿಮ್ಮ ಹತ್ತಿರ ವರದಿ ಇದೆಯೇ?’ ಎಂಬ ಪ್ರಶ್ನೆಯಿಂದ ವಿಚಾರಣೆ ಆರಂಭಿಸುವುದು ಸರಿಯಲ್ಲ.

2. ‘ಪುನರ್ವಸತಿ’ ಎಂಬ ಪದ

ಪಂಚಾಯಿತಿಯ ವ್ಯವಹಾರದಲ್ಲಿ ಪುನರ್ವಸತಿ ಎಂದೊಡನೆ ನೆರೆಸಂತ್ರಸ್ತರ ಮನೆಗಳು, ಅಣೆಕಟ್ಟಿನ ಮುಳುಗಡೆಯಿಂದ ಎದ್ದುಬಂದ ಊರುಗಳು ನೆನಪಾಗುತ್ತವೆ. ನೆಲೆ ಕಳೆದುಕೊಂಡವರಿಗೆ ಮರಳಿ ನೆಲೆ ಒದಗಿಸುವುದು ಅದರ ಅರ್ಥ. ವೈದ್ಯಕೀಯದಲ್ಲಿಯೂ ಅರ್ಥ ಇದಕ್ಕೆ ದೂರವಿಲ್ಲ. ಕಾಯಿಲೆಯಿಂದ ತನ್ನ ದೇಹದ ಮೇಲಿನ ಹಿಡಿತ, ದುಡಿಮೆ, ಮನೆಯಲ್ಲಿನ ಸ್ಥಾನ ಇವನ್ನು ಕಳೆದುಕೊಂಡವರು ಅವನ್ನು ಸಾಧ್ಯವಾದಷ್ಟು ಮರಳಿ ಪಡೆಯಲು ನೆರವಾಗುವುದೇ ಪುನಶ್ಚೇತನ.

ದೀರ್ಘ ಕೋವಿಡ್‌ಅನ್ನು ಒಮ್ಮೆಲೇ ಗುಣಪಡಿಸುವ ಮಾತ್ರೆ ಇಲ್ಲ. ಚುಚ್ಚುಮದ್ದು ಅಥವಾ ದುಬಾರಿ ಪುಡಿಯಿಂದ ವಾರದಲ್ಲಿ ಗುಣವಾಗುತ್ತದೆಂದು ಹೇಳುವವರನ್ನು ನಂಬಿ ಸಾಲ ಮಾಡದಂತೆ ಜನರಿಗೆ ತಿಳಿಹೇಳುವುದು ಅಗತ್ಯ. ಹೆಚ್ಚಿನವರು ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತಾರೆ. ಆ ಚೇತರಿಕೆಯ ದಾರಿಯಲ್ಲಿ ಅತಿ ದೊಡ್ಡ ಅಡ್ಡಿಯೆಂದರೆ ಶಕ್ತಿಗೆ ಮೀರಿದ ದುಡಿಮೆಗೆ ಅವಸರದಿಂದ ಮರಳುವುದು.

3. ಒಂದು ನಿದರ್ಶನ

ಇದು ಯಾವುದೇ ಒಬ್ಬ ವ್ಯಕ್ತಿಯ ಕಥೆಯಲ್ಲ; ವಿಷಯ ತಿಳಿಯಲೆಂದು ಕಲ್ಪಿಸಿದ ನಿದರ್ಶನ.

ಕೂಲಿಯಿಂದ ಜೀವನ ಸಾಗಿಸುವ ಮಹಿಳೆಯೊಬ್ಬರು ಕೋವಿಡ್‌ನಿಂದ ಗುಣಮುಖರಾಗಿ ನಾಲ್ಕು ತಿಂಗಳಾಗಿದೆ. ಸೋಮವಾರ ಮೈ ಹಗುರವೆನಿಸಿ ಕಳೆ ಕೀಳಲು ಹೋಗುತ್ತಾರೆ. ಎಲ್ಲರಂತೆಯೇ ಸಂಜೆಯವರೆಗೆ ದುಡಿಯುತ್ತಾರೆ. ಮಂಗಳವಾರ ಸಂಜೆ ಕೈಕಾಲು ಸೋಲುತ್ತವೆ. ಬುಧವಾರ ಹಾಸಿಗೆಯಿಂದ ಏಳಲಾಗುವುದಿಲ್ಲ; ತಲೆ ಮಂಕಾಗಿ, ಮಾತನಾಡುವುದೂ ಭಾರವೆನಿಸುತ್ತದೆ. ‘ಮೊನ್ನೆ ನಗುನಗುತ್ತಾ ಕಳೆ ಕಿತ್ತವಳಿಗೆ ಇವತ್ತೇನಾಯಿತು?’ ಎಂದು ಅತ್ತೆ ಕೇಳುತ್ತಾರೆ. ಉತ್ತರ ಆಕೆಗೂ ತಿಳಿಯದು. ಮುಂದಿನ ವಾರ ಸಾಲದ ಕಂತು ನೆನಪಾಗಿ ಮತ್ತೆ ಹೋಗುತ್ತಾರೆ, ಮತ್ತೆ ಬೀಳುತ್ತಾರೆ. ಎರಡು ತಿಂಗಳಲ್ಲಿ ಆಕೆಯ ಸ್ಥಿತಿ ಮೊದಲಿಗಿಂತ ಕೆಳಗಿಳಿದಿರುತ್ತದೆ. ಊರಿನಲ್ಲಿ ಆಕೆಗೆ ‘ಸೋಮಾರಿ’ ಎಂಬ ಹೆಸರೂ ಬಂದಿರುತ್ತದೆ.

ಇಲ್ಲಿ ನಡೆದದ್ದು ಸೋಮಾರಿತನವಲ್ಲ. ಶ್ರಮದ ನಂತರ ಲಕ್ಷಣಗಳು ಉಲ್ಬಣಿಸುವುದು ದೀರ್ಘ ಕೋವಿಡ್‌ನ ಒಂದು ಗುರುತು. ದುಡಿದ ಕ್ಷಣದಲ್ಲಿ ಅದು ಕಾಣುವುದಿಲ್ಲ. ಸಾಮಾನ್ಯವಾಗಿ 12ರಿಂದ 72 ಗಂಟೆಗಳ ನಂತರ ಬರುತ್ತದೆ. ಮೊನ್ನೆಯ ದುಡಿಮೆಗೂ ಇಂದಿನ ಬಳಲಿಕೆಗೂ ಇರುವ ನಂಟು ಮನೆಯವರ ಕಣ್ಣಿಗೆ ಬೀಳದಿರಲು ಕಾರಣ ಇದೇ. ಈ ಒಂದು ಸಂಗತಿಯನ್ನು ಸದಸ್ಯರು ತಮ್ಮ ವಾರ್ಡಿನ ಮನೆಗಳಿಗೆ ತಿಳಿಸಿದರೂ ಈ ಪಾಠದ ಅರ್ಧ ಉದ್ದೇಶ ಈಡೇರಿದಂತೆ.

4. ಪುನಶ್ಚೇತನದ ಕ್ರಮಗಳು

ಸದಸ್ಯರು ವೈದ್ಯರಲ್ಲ, ಚಿಕಿತ್ಸೆ ನೀಡುವುದು ಅವರ ಕೆಲಸವೂ ಅಲ್ಲ. ಆದರೂ ಆರೋಗ್ಯ ಸಿಬ್ಬಂದಿ ಹೇಳಿಕೊಡುವ ಕ್ರಮಗಳ ತಿರುಳು ತಿಳಿದಿದ್ದರೆ ಮನೆಯವರ ಸಂಶಯ ಪರಿಹರಿಸಬಹುದು.

ಅ) ಶಕ್ತಿಯ ಮಿತವ್ಯಯ. ಇರುವ ಶಕ್ತಿಯನ್ನು ಬಡವರ ಮನೆಯ ದಿನಸಿಯಂತೆ ಅಳೆದು ಬಳಸಬೇಕು. ಇದಕ್ಕೆ ಮೂರು ಸೂತ್ರಗಳಿವೆ. ಯಾವ ಕೆಲಸ ಇಂದೇ ಆಗಬೇಕು, ಯಾವುದು ನಾಳೆಗೆ ಉಳಿಯಬಹುದು, ಯಾವುದನ್ನು ಇತರರು ಮಾಡಬಹುದು ಎಂದು ಆದ್ಯತೆ ನಿಗದಿಪಡಿಸುವುದು ಮೊದಲನೆಯದು. ಭಾರವಾದ ಕೆಲಸಗಳನ್ನು ಒಂದೇ ದಿನಕ್ಕೆ ಸೇರಿಸದೆ ವಾರಕ್ಕೆ ಹಂಚುವುದು ಎರಡನೆಯದು. ಆಯಾಸವಾದ ಮೇಲೆ ಕೂರುವ ಬದಲು ಆಯಾಸವಾಗುವ ಮುನ್ನವೇ ಕುಳಿತು ವಿಶ್ರಮಿಸುವುದು ಮೂರನೆಯದು. ಕುಳಿತು ಅಡುಗೆ ಮಾಡುವುದು, ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡುವುದು, ದೊಡ್ಡ ಕೊಡದ ಬದಲು ಚಿಕ್ಕ ಬಿಂದಿಗೆಯಲ್ಲಿ ನೀರು ತರುವುದು ಇವು ಸಣ್ಣ ಮಾತುಗಳಂತೆ ಕಂಡರೂ ದಿನದ ಶಕ್ತಿಯನ್ನು ಉಳಿಸುತ್ತವೆ.

ಆ) ಹಂತಹಂತದ ಚಟುವಟಿಕೆ. ದೈಹಿಕ ಚಟುವಟಿಕೆಗೆ ಮರಳುವವರು ಒಂದು ಹಂತದಲ್ಲಿ ಕನಿಷ್ಠ 7 ದಿನ ನಿಂತು, ಲಕ್ಷಣ ಹೆಚ್ಚದಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುತ್ತದೆ. ಅಂಗಳದಲ್ಲಿ ನಡೆಯುವುದು, ಅನಂತರ ಬೀದಿಯ ತುದಿಯವರೆಗೆ, ಬಳಿಕ ಹೊಲದವರೆಗೆ ಎಂಬಂತೆ ಮುಂದುವರಿಯಬಹುದು. ನಡೆಯುವಾಗ ಪೂರ್ಣ ವಾಕ್ಯ ಮಾತನಾಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಮಾತು ತುಂಡಾದರೆ ನಿಧಾನಿಸಬೇಕು. ಶ್ರಮದ ನಂತರ ಹಾಸಿಗೆ ಹಿಡಿಯುವವರಿಗೆ ‘ದಿನಕ್ಕಿಷ್ಟು ಹೆಚ್ಚಿಸು’ ಎಂಬ ವ್ಯಾಯಾಮ ಹೊಂದುವುದಿಲ್ಲ. ಅವರು ಮೊದಲು ಶಕ್ತಿಯ ಮಿತಿಯೊಳಗೆ ಸ್ಥಿರಗೊಳ್ಳಬೇಕು.

ಇ) ಉಸಿರಾಟ. ಏದುಸಿರು ಬಂದಾಗ ಕುಳಿತು ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿ, ಭುಜಗಳನ್ನು ಸಡಿಲಿಸಬೇಕು. ಮೂಗಿನಿಂದ ಉಸಿರು ಎಳೆದು, ಎದುರಿಗಿರುವ ದೀಪದ ಕುಡಿ ಆರದೆ ಬಾಗುವಷ್ಟು ಮೆಲ್ಲಗೆ ತುಟಿ ಚೂಪು ಮಾಡಿ ಬಿಡಬೇಕು. ಭಾರ ಎತ್ತುವಾಗ ಉಸಿರು ಹಿಡಿಯದೆ ಹೊರಬಿಡಬೇಕು. ರಭಸದ ಉಸಿರಾಟವನ್ನು, ಉಸಿರು ತಡೆದು ಹಿಡಿಯುವ ಅಭ್ಯಾಸಗಳನ್ನು ವೈದ್ಯರ ಸಲಹೆಯಿಲ್ಲದೆ ಮಾಡಬಾರದು. ಬೀಡಿ, ಸೌದೆ ಒಲೆಯ ಹೊಗೆ, ಒಕ್ಕಣೆಯ ದೂಳು ಇವುಗಳಿಂದ ದೂರವಿರುವುದು ಉಸಿರಾಟದ ವ್ಯಾಯಾಮದಷ್ಟೇ ಮುಖ್ಯ.

ಈ) ಎದ್ದು ನಿಂತಾಗ ತಲೆಸುತ್ತು. ಕೆಲವರಿಗೆ ನಿಂತ ಕೂಡಲೇ ಎದೆ ಡವಗುಟ್ಟಿ ಕಣ್ಣು ಕತ್ತಲಿಡುತ್ತದೆ. ಇಂಥವರು ಮಗ್ಗುಲಾಗಿ, ಕುಳಿತು, ಸ್ವಲ್ಪ ತಡೆದು ಆಮೇಲೆ ನಿಲ್ಲಬೇಕು. ಸಾಕಷ್ಟು ನೀರು ಕುಡಿಯಬೇಕು. ಉಪ್ಪಿನ ಪ್ರಮಾಣ ಬದಲಿಸುವುದು ಮಾತ್ರ ವೈದ್ಯರ ಸಲಹೆಯಂತೆಯೇ ಆಗಬೇಕು. ರಕ್ತದೊತ್ತಡ ಇರುವವರಿಗೆ ಹೆಚ್ಚು ಉಪ್ಪು ಅಪಾಯ.

ಉ) ವಾಸನೆಯ ಅಭ್ಯಾಸ. ಲವಂಗ, ನಿಂಬೆ, ನೀಲಗಿರಿ ಎಣ್ಣೆ, ಗುಲಾಬಿ ಈ ನಾಲ್ಕನ್ನು ದಿನಕ್ಕೆ ಎರಡು ಬಾರಿ, ಒಂದೊಂದನ್ನೂ ಸುಮಾರು 20 ಸೆಕೆಂಡು ಗಮನವಿಟ್ಟು ಮೂಸುವ ಅಭ್ಯಾಸವನ್ನು ಕನಿಷ್ಠ 3 ತಿಂಗಳು ಮಾಡಿದರೆ ಹಲವರಿಗೆ ಪ್ರಯೋಜನವಾಗುತ್ತದೆ. ಅಲ್ಲಿಯವರೆಗೆ ಅನಿಲ ಸೋರಿಕೆ, ಹಳಸಿದ ಅನ್ನ, ಹೊತ್ತಿದ ಬಟ್ಟೆ ಇವು ಅವರಿಗೆ ತಿಳಿಯುವುದಿಲ್ಲ. ಅವರು ಒಬ್ಬರೇ ಅಡುಗೆ ಮಾಡುವ ಮನೆಯಾದರೆ ನೆರೆಯವರಿಗೆ ಈ ವಿಷಯ ತಿಳಿದಿರಬೇಕು.

ಊ) ಮರೆವು ಮತ್ತು ಮನಸ್ಸು. ಔಷಧಿಯ ವೇಳೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸುವುದು, ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವುದು, ಲೆಕ್ಕಪತ್ರದಂಥ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ಉಪಯುಕ್ತ. ನಿದ್ರೆಯಿಲ್ಲದೆ, ಬದುಕು ಬೇಡವೆನ್ನುವಷ್ಟು ಕುಗ್ಗಿದವರಿಗೆ ಟೆಲಿ ಮನಸ್ ಸಹಾಯವಾಣಿ 14416 ದಿನದ ಎಲ್ಲ ಹೊತ್ತಿನಲ್ಲಿಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಋ) ಆಹಾರ. ಸವೆದ ಸ್ನಾಯು ಮರಳಿ ಕಟ್ಟಲು ಬೇಳೆ, ಮೊಳಕೆ ಕಾಳು, ಹಾಲು, ಮೊಟ್ಟೆ, ಶೇಂಗಾ, ರಾಗಿ ಸಾಕು. ಒಮ್ಮೆಲೇ ಹೊಟ್ಟೆ ತುಂಬ ಉಣ್ಣಲಾಗದವರು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಉಣ್ಣಬಹುದು.

5. ಎಲ್ಲವೂ ದೀರ್ಘ ಕೋವಿಡ್ ಅಲ್ಲ

ಬಳಲಿಕೆ, ಕೆಮ್ಮು ಕಂಡೊಡನೆ ‘ಇದು ಕೋವಿಡ್‌ನ ಶೇಷ’ ಎಂದು ಸುಮ್ಮನಾಗುವುದು ದೊಡ್ಡ ತಪ್ಪು. ಎರಡು ವಾರಕ್ಕೆ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇದ್ದರೆ ಕ್ಷಯರೋಗದ ಕಫ ಪರೀಕ್ಷೆ ಆಗಲೇಬೇಕು. ಅದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಹೃದಯದ ಕಾಯಿಲೆ ಇವೂ ಬಳಲಿಕೆಯ ರೂಪದಲ್ಲೇ ಬರುತ್ತವೆ. ಕೋವಿಡ್ ಕಾಲದಲ್ಲಿ ಸ್ಟೀರಾಯ್ಡ್ ಔಷಧಿ ಪಡೆದವರು ಸಕ್ಕರೆಯ ಪ್ರಮಾಣವನ್ನು ವಿಶೇಷವಾಗಿ ಪರೀಕ್ಷಿಸಿಕೊಳ್ಳಬೇಕು.

ಎದೆನೋವು, ಕುಳಿತಲ್ಲಿಯೇ ಏದುಸಿರು, ತುಟಿ ನೀಲಿಗಟ್ಟುವುದು, ಪ್ರಜ್ಞೆ ತಪ್ಪುವುದು, ಮುಖ ಅಥವಾ ಕೈ ಒಂದು ಬದಿ ಸೋಲುವುದು, ಒಂದೇ ಕಾಲು ಊದಿ ನೋಯುವುದು ಇವು ತಡಮಾಡಬಾರದ ಸೂಚನೆಗಳು. ಕೂಡಲೇ 108ಕ್ಕೆ ಕರೆ ಮಾಡಬೇಕು.

ಕೋವಿಡ್ ಕಾಲದಲ್ಲಿ ತರಿಸಿದ ಪಲ್ಸ್ ಆಕ್ಸಿಮೀಟರ್‌ಗಳು ಅನೇಕ ಪಂಚಾಯಿತಿಗಳ ಕಪಾಟಿನಲ್ಲಿರಬಹುದು. ಅವುಗಳ ಬ್ಯಾಟರಿ ಪರೀಕ್ಷಿಸಿ ಆಶಾ ಕಾರ್ಯಕರ್ತೆಯರಿಗೆ ಒದಗಿಸಿರಿ. ಐದು ನಿಮಿಷ ಕುಳಿತ ನಂತರ, ಗೋರಂಟಿ ಅಥವಾ ಉಗುರುಬಣ್ಣ ಇಲ್ಲದ ಬೆಚ್ಚಗಿನ ಬೆರಳಿನಲ್ಲಿ ಅಳೆಯಬೇಕು. ಆಮ್ಲಜನಕದ ಪ್ರಮಾಣ 94ಕ್ಕಿಂತ ಕಡಿಮೆ ಇದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು. 90ಕ್ಕಿಂತ ಕಡಿಮೆಯಾದರೆ ತುರ್ತು ವಾಹನ ಕರೆಯಬೇಕು. ಕುಳಿತಾಗ ಸರಿಯಿದ್ದು ನಡೆದಾಗ 3 ಅಂಶ ಅಥವಾ ಅದಕ್ಕಿಂತ ಹೆಚ್ಚು ಇಳಿಯುವವರೂ ವೈದ್ಯರ ಪರೀಕ್ಷೆಗೆ ಒಳಗಾಗಬೇಕು. ಈ ಎರಡನೆಯ ಪರೀಕ್ಷೆಯನ್ನು ಸಮುದಾಯ ಆರೋಗ್ಯ ಅಧಿಕಾರಿಯ ಸಮ್ಮುಖದಲ್ಲಿಯೇ ಮಾಡಿಸುವುದು ಕ್ಷೇಮ.

6. ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕಾರ್ಯಗಳು

ಸಂವಿಧಾನದ 73ನೆಯ ತಿದ್ದುಪಡಿಯಿಂದ ಸೇರಿದ 11ನೆಯ ಅನುಸೂಚಿಯಲ್ಲಿ ಆರೋಗ್ಯ ಮತ್ತು ನೈರ್ಮಲ್ಯ 23ನೆಯ ವಿಷಯ. ಆದ್ದರಿಂದ ಇದು ಆರೋಗ್ಯ ಇಲಾಖೆಯದೊಂದೇ ಕೆಲಸವೆಂದು ಬಿಡುವಂತಿಲ್ಲ. ಈ ಕೆಳಗಿನ ಕಾರ್ಯಗಳಿಗೆ ಹೊಸ ಯೋಜನೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಾಗಿಲ್ಲ.

ಗುರುತಿಸುವಿಕೆ: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿರಿ. ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಮೂರು ಪ್ರಶ್ನೆ ಕೇಳಿದರೆ ಸಾಕು: ಕೋವಿಡ್ ಅಥವಾ ಆ ಕಾಲದ ಜ್ವರದ ನಂತರ ಮೊದಲಿನಂತೆ ದುಡಿಯಲಾಗುತ್ತಿಲ್ಲವೇ? ನಡೆದರೆ ಏದುಸಿರು ಬರುತ್ತದೆಯೇ? ದುಡಿದ ಮರುದಿನ ಅಥವಾ ಮೂರನೆಯ ದಿನ ಮಲಗಿಬಿಡುತ್ತೀರಾ?

ಕಳುಹಿಸುವಿಕೆ: ಇಂಥವರನ್ನು ಮೊದಲು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಬಳಿಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ದೂರ ಪ್ರಯಾಣವೇ ಆಯಾಸ ತರುವುದರಿಂದ ಇ-ಸಂಜೀವಿನಿ ಮೂಲಕ ತಜ್ಞರ ಸಲಹೆ ಕೊಡಿಸಲು ಕೋರಬಹುದು. ಕೋವಿಡ್ ನಂತರದ ತೊಂದರೆಗಳ ನಿರ್ವಹಣೆಗೆ ಕೇಂದ್ರ ಆರೋಗ್ಯ ಸಚಿವಾಲಯವು 2021ರ ಅಕ್ಟೋಬರ್‌ನಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ ಎಂಬುದು ತಮ್ಮ ಗಮನದಲ್ಲಿರಲಿ.

ಪುನರ್ವಸತಿ ಕಾರ್ಯಕರ್ತರ ಸೇವೆ: ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರ ಅನುಭವವನ್ನು ಇಲ್ಲಿ ಬಳಸಿಕೊಳ್ಳಬಹುದು. ಆದರೆ ಒಂದು ಸ್ಪಷ್ಟತೆ ಅಗತ್ಯ. ದೀರ್ಘ ಕೋವಿಡ್ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 21 ವಿಧಗಳ ಪಟ್ಟಿಯಲ್ಲಿಲ್ಲ. ಆದ್ದರಿಂದ ವಿಕಲಚೇತನರಿಗೆ ಮೀಸಲಾದ ಶೇ 5ರ ಅನುದಾನವನ್ನು ಇದಕ್ಕಾಗಿಯೇ ಬಳಸಲಾಗದು. ಕಾಯಿಲೆಯ ಪರಿಣಾಮವಾಗಿ ಪಾರ್ಶ್ವವಾಯು, ದೃಷ್ಟಿನಾಶದಂಥ ಶಾಶ್ವತ ನ್ಯೂನತೆ ಉಂಟಾಗಿದ್ದರೆ ಮಾತ್ರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿ ಸೌಲಭ್ಯ ಕೊಡಿಸಬೇಕು.

ಕೆಲಸದ ಹೊಂದಾಣಿಕೆ: ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಮಣ್ಣು ಅಗೆಯುವ, ಹೊರುವ ಕೆಲಸದ ಬದಲು ಕುಡಿಯುವ ನೀರು ಒದಗಿಸುವುದು, ಮಕ್ಕಳನ್ನು ನೋಡಿಕೊಳ್ಳುವುದು ಮುಂತಾದ ಹಗುರ ಕೆಲಸವನ್ನು ನಿಯಮದ ಚೌಕಟ್ಟಿನಲ್ಲಿ ಇವರಿಗೆ ನೀಡುವಂತೆ ಕಾಯಕ ಬಂಧುಗಳಿಗೆ ತಿಳಿಸಿರಿ. ಖಾಸಗಿ ಹೊಲಗಳಲ್ಲಿಯೂ ಅರ್ಧ ದಿನದ ಕೂಲಿಗೆ ಒಪ್ಪಿಸಲು ಸದಸ್ಯರ ಒಂದು ಮಾತು ಸಾಕಾಗುತ್ತದೆ.

ಕಂತು ಮತ್ತು ಸರದಿ: ಸಂಜೀವಿನಿ ಒಕ್ಕೂಟದ ಸಭೆಯಲ್ಲಿ ಸದಸ್ಯೆಯ ಸಾಲದ ಕಂತಿಗೆ ಕಾಲಾವಕಾಶದ ವಿಷಯ ಚರ್ಚೆಗೆ ಬರಲಿ. ಮೇಲಿನ ನಿದರ್ಶನದ ಮಹಿಳೆಯನ್ನು ಎರಡನೆಯ ಬಾರಿ ಹೊಲಕ್ಕೆ ದೂಡಿದ್ದು ಕಂತಿನ ಚಿಂತೆಯೇ. ನ್ಯಾಯಬೆಲೆ ಅಂಗಡಿ, ಪಂಚಾಯಿತಿ ಕಚೇರಿ, ಉಪಕೇಂದ್ರಗಳಲ್ಲಿ ನಿಲ್ಲಲಾಗದವರಿಗೆ ಒಂದು ಬೆಂಚು ಹಾಕಿಸುವುದು ಇಂದೇ ಮಾಡಬಹುದಾದ ಕೆಲಸ.

ಮಾಹಿತಿ: ಅರಿವು ಕೇಂದ್ರದಲ್ಲಿ ತಿಂಗಳಿಗೊಮ್ಮೆ ಸಮುದಾಯ ಆರೋಗ್ಯ ಅಧಿಕಾರಿಯಿಂದ ಉಸಿರಾಟದ ಕ್ರಮ, ಶಕ್ತಿಯ ಮಿತವ್ಯಯ ಕುರಿತು ಪ್ರಾತ್ಯಕ್ಷಿಕೆ ಏರ್ಪಡಿಸಿರಿ. ರೋಗಿಯೊಂದಿಗೆ ಮನೆಯವರೊಬ್ಬರು ತಪ್ಪದೆ ಬರುವಂತೆ ನೋಡಿಕೊಳ್ಳಿರಿ, ಕೇಳಿಸಿಕೊಳ್ಳಬೇಕಾದವರು ಅವರೇ.

7. ಎಚ್ಚರಿಕೆಯ ಮಾತುಗಳು

ಗ್ರಾಮ ಸಭೆಯಲ್ಲಿ ರೋಗಿಗಳ ಹೆಸರು ಓದಬಾರದು. ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕಬಾರದು. 2020ರಲ್ಲಿ ಮನೆಯ ಬಾಗಿಲಿಗೆ ಚೀಟಿ ಅಂಟಿಸಿದಾಗ ಆ ಮನೆಯವರು ಅನುಭವಿಸಿದ ಸಂಕೋಚವನ್ನು ನಾವು ಕಂಡಿದ್ದೇವೆ. ದೀರ್ಘ ಕೋವಿಡ್ ಎಂಬ ಸ್ಥಿತಿ ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಆದರೂ ಹೆಸರು ಹೊರಬಿದ್ದರೆ ಕೂಲಿ ತಪ್ಪಬಹುದು, ಮದುವೆಯ ಮಾತು ಮುರಿಯಬಹುದು. ಎಷ್ಟು ಮಂದಿ ಎಂಬ ಸಂಖ್ಯೆ ಸಭೆಗೆ ಸಾಕು.

ಹಾಗೆಯೇ, ಚೇತರಿಸಿಕೊಂಡವರ ಉದಾಹರಣೆ ತೋರಿಸಿ ಇನ್ನೊಬ್ಬರನ್ನು ಹಳಿಯಬಾರದು. ‘ಅವರಿಗೂ ಬಂದಿತ್ತು, ನೋಡು ಹೇಗೆ ದುಡಿಯುತ್ತಿದ್ದಾರೆ’ ಎಂಬ ಮಾತು ಹುರಿದುಂಬಿಸುವುದಿಲ್ಲ. ರೋಗಿಯನ್ನು ಮತ್ತೆ ಮಿತಿ ಮೀರಿ ದುಡಿಯುವಂತೆ ಮಾಡುತ್ತದೆ.

8. ಚರ್ಚೆಗೆ ಪ್ರಶ್ನೆಗಳು

1) ತಮ್ಮ ವಾರ್ಡಿನಲ್ಲಿ ಕೋವಿಡ್‌ಗೆ ಮೊದಲು ದುಡಿಯುತ್ತಿದ್ದು ಅನಂತರ ಕೆಲಸಕ್ಕೆ ಬಾರದವರು ಇದ್ದಾರೆಯೇ? ಅದಕ್ಕೆ ಕಾರಣವೇನೆಂದು ಯಾರಾದರೂ ಕೇಳಿದ್ದಾರೆಯೇ?

2) ತಮ್ಮ ಪಂಚಾಯಿತಿಯಲ್ಲಿರುವ ಪಲ್ಸ್ ಆಕ್ಸಿಮೀಟರ್‌ಗಳು ಈಗ ಎಲ್ಲಿವೆ, ಎಷ್ಟು ಕೆಲಸ ಮಾಡುತ್ತಿವೆ?

3) ಮೇಲಿನ ನಿದರ್ಶನದ ಮಹಿಳೆ ತಮ್ಮ ಗ್ರಾಮದವರಾಗಿದ್ದರೆ ಮೊದಲ ವಾರದಲ್ಲಿ ಯಾರು ಯಾರನ್ನು ಭೇಟಿ ಮಾಡಬೇಕಿತ್ತು?

4) ಹಗುರ ಕೆಲಸ ನೀಡುವಾಗ ಇತರ ಕೂಲಿಕಾರರಿಂದ ಆಕ್ಷೇಪಣೆ ಬಂದರೆ ಹೇಗೆ ವಿವರಿಸುವಿರಿ?

ಮಾನ್ಯ ಸದಸ್ಯರೇ, ಸಾಂಕ್ರಾಮಿಕದ ದಿನಗಳಲ್ಲಿ ತಾವು ಬಾಗಿಲಿಂದ ಬಾಗಿಲಿಗೆ ಹೋಗಿ ‘ಮನೆಯಲ್ಲಿ ಯಾರಿಗಾದರೂ ಜ್ವರವಿದೆಯೇ?’ ಎಂದು ಕೇಳಿದ್ದಿರಿ. ಅದೇ ಬಾಗಿಲುಗಳಲ್ಲಿ ಇನ್ನೊಮ್ಮೆ ನಿಂತು ‘ಆಮೇಲೆ ಪೂರ್ತಿ ಗುಣವಾಯಿತೇ?’ ಎಂದು ಕೇಳುವುದು ಮಾತ್ರ ಉಳಿದಿದೆ. ಮುಂದಿನ ಸಾಮಾನ್ಯ ಸಭೆಯ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯೊಂದಿಗೆ ಕನಿಷ್ಠ ಒಂದು ದಿನದ ಮನೆಭೇಟಿ ಕೈಗೊಂಡು, ಕಂಡುಬಂದ ವಿಷಯವನ್ನು ಹೆಸರುಗಳಿಲ್ಲದೆ ಸಭೆಯ ಗಮನಕ್ಕೆ ತರಬೇಕೆಂದು ಕೋರಲಾಗಿದೆ.